ಲಕ್ವಾ ಮರುಕಳಿಸದಂತೆ ದಿನನಿತ್ಯದ ಎಚ್ಚರ

ಕೃಷಿ ಪುಟದಲ್ಲಿ ಲಕ್ವಾದ ಮಾತೇಕೆ ಎನ್ನಬೇಡಿರಿ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಮನೆಯ ಯಜಮಾನ ಹಾಸಿಗೆ ಹಿಡಿದರೆ ಕೂರಿಗೆ ಹಿಡಿಯುವವರಾರು? ರಾಯಾಪುರದ ಕಟ್ಟೆಗಳ ಮೇಲೆ ಆಗಾಗ ಕೇಳುವ ಮಾತೊಂದಿದೆ: "ಲಕ್ವಾ ಹೊಡದಿತ್ರೀ, ಈಗ ಆರಾಮ ಅದೇನಿ, ಗುಳಗಿ ಬಿಟ್ಟೇನಿ." ಅಪಾಯ ಇರುವುದು ಇಲ್ಲಿಯೇ.

ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವಾ ಹೊಡೆಯುತ್ತದೆ. ಎರಡಕ್ಕೂ ದೊಡ್ಡ ಕಾರಣ ಏರಿದ ರಕ್ತದೊತ್ತಡ. ಒಮ್ಮೆ ಹೊಡೆದವರಿಗೆ ಮತ್ತೆ ಹೊಡೆಯುವ ಸಂಭವ ಉಳಿದವರಿಗಿಂತ ಹೆಚ್ಚು. ಒತ್ತಡ ಏರಿದ್ದು ಮೈಗೆ ತಿಳಿಯುವುದಿಲ್ಲ. ತಲೆನೋವು ಬರಲೇಬೇಕೆಂದೇನೂ ಇಲ್ಲ. ಗುಳಿಗೆ ಅದನ್ನು ಹಿಡಿದಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಒಮ್ಮೆ ಎಡೆ ಹೊಡೆದ ಹೊಲದಲ್ಲಿ ಕಳೆ ಮತ್ತೆ ಏಳುವುದಿಲ್ಲವೇ? ಡಾಕ್ಟರರು ಹೇಳುವವರೆಗೆ ಗುಳಿಗೆ ನಿಲ್ಲಿಸಬೇಡಿರಿ. ತಿಂಗಳಿಗೊಮ್ಮೆಯಾದರೂ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಒತ್ತಡ ನೋಡಿಸಿ ಅಂಕಿ ಬರೆದಿಡಿರಿ. ಲಕ್ವಾ ಆದವರಿಗೆ ಅದು 130/80ರ ಒಳಗಿರಲೆಂದು ವೈದ್ಯರು ಸಾಮಾನ್ಯವಾಗಿ ಬಯಸುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ನೋಡಿಸಿರಿ.

ಇನ್ನು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಮ್, ಅಂದರೆ ಒಂದು ಚಹಾ ಚಮಚೆ ಮೀರಬಾರದು. ಜೋಳದ ರೊಟ್ಟಿಯದು ತಪ್ಪಿಲ್ಲ. ಅದರ ಮಗ್ಗುಲಿಗೆ ಕೂರುವ ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳದ್ದೇ ತಂಟೆ. ಮಜ್ಜಿಗೆಗೆ ಚಿಟಿಕೆ ಉಪ್ಪು, ಅನ್ನಕ್ಕೆ ಮೇಲುಪ್ಪು, ಸಂಜೆ ಮಿರ್ಚಿ ಭಜಿ: ಕೂಡಿಸಿ ನೋಡಿರಿ. ಪಲ್ಯಕ್ಕೆ ಉಪ್ಪು ತಗ್ಗಿಸಿ ಹುಳಿ, ಬೆಳ್ಳುಳ್ಳಿ ಹೆಚ್ಚಿಸಬಹುದು. ಎರಡು ವಾರ ಸಪ್ಪೆ ಎನಿಸೀತು, ಆಮೇಲೆ ನಾಲಿಗೆ ಒಗ್ಗುತ್ತದೆ. ರೊಟ್ಟಿಯೊಡನೆ ಮೂಲಂಗಿ, ಸವತೆಕಾಯಿ, ಮೆಂತ್ಯದ ಸೊಪ್ಪು ಇರಲಿ.

ಬೀಡಿ, ತಂಬಾಕು, ಗುಟ್ಕಾ ಪೂರ್ತಿ ಬಿಡಬೇಕು; "ದಿನಕ್ಕೆ ಎರಡೇ" ಎಂಬ ಲೆಕ್ಕ ನಡೆಯದು. ಸಾರಾಯಿಯೂ ಬೇಡ. ಡಾಕ್ಟರರನ್ನು ಕೇಳಿಕೊಂಡು ದಿನಾಲು ಅರ್ಧ ತಾಸು ನಡೆಯಿರಿ.

ಇಷ್ಟಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ, ಪಾರಿವಾಳದ ರಕ್ತ ಹಚ್ಚುತ್ತ ಹೊತ್ತು ಕಳೆಯಬೇಡಿರಿ. ಅರ್ಧ ತಾಸಿನಲ್ಲಿ ತಾನಾಗಿ ಸರಿಹೋದರೂ ಸುಮ್ಮನಿರಬೇಡಿರಿ. 108ಕ್ಕೆ ಫೋನ್ ಮಾಡಿರಿ. ಕಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಮೊದಲ ನಾಲ್ಕೂವರೆ ತಾಸಿನೊಳಗೆ ಮಾತ್ರ ಉಪಯೋಗಕ್ಕೆ ಬರುತ್ತದೆ, ಅದೂ ತಲೆಯ ಸ್ಕ್ಯಾನಿಂಗ್ ಆದ ಮೇಲೆ. ರಾಯಾಪುರದವರಿಗೆ ಒಂದು ಕಡೆ ಸತ್ತೂರಿನ ಎಸ್.ಡಿ.ಎಂ., ಇನ್ನೊಂದು ಕಡೆ ಹುಬ್ಬಳ್ಳಿ ವಿದ್ಯಾನಗರದಲ್ಲಿ ಜನ ಕಿಮ್ಸ್ ಎನ್ನುವ ಸರಕಾರಿ ದವಾಖಾನೆ, ಎರಡೂ ಸಮೀಪವೇ. ರೋಗಿ ಚೆನ್ನಾಗಿದ್ದುದನ್ನು ಕೊನೆಯ ಸಲ ಎಷ್ಟು ಗಂಟೆಗೆ ನೋಡಿದಿರಿ ಎಂಬುದನ್ನು ಡಾಕ್ಟರರಿಗೆ ಹೇಳಿರಿ, ಗುಳಿಗೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ.