ಅರ್ಧದಲ್ಲಿ ಕೈ ತಡೆಯುವ ವಿದ್ಯೆ

ಶಸ್ತ್ರವೈದ್ಯನೆಂದರೆ ಕೈಗೆತ್ತಿಕೊಂಡ ಕೆಲಸವನ್ನು ಮುಗಿಸಿಯೇ ಕೈ ತೊಳೆಯುವವನೆಂದು ಜನರ ನಂಬಿಕೆ. ಹೊಟ್ಟೆಯನ್ನು ಕೊಯ್ದು, ಒಳಗೆ ಕೆಟ್ಟುದನ್ನು ಸರಿಪಡಿಸಿ, ಅಂದವಾಗಿ ಹೊಲಿದು ರೋಗಿಯನ್ನು ಹಾಸಿಗೆಗೆ ಕಳುಹಿಸಿದರೆ ಅವನ ಕರ್ತವ್ಯ ತೀರಿತು. ಮುಂದಿನದು ದಾದಿಯರ ಮತ್ತು ದೇವರ ಪಾಲು! ಆದರೆ ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ, ಐದು ವರ್ಷ ಶಸ್ತ್ರಚಿಕಿತ್ಸೆಯನ್ನು ಕಲಿತು ಪಳಗಿದ ವೈದ್ಯರನ್ನು ಮತ್ತೆ ವಿದ್ಯಾರ್ಥಿಗಳನ್ನಾಗಿ ಕೂರಿಸಿ ಕಲಿಸುವ ಪಾಠವೊಂದಿದೆ. ಅದು ಈ ನಂಬಿಕೆಗೆ ತೀರ ವಿರುದ್ಧವಾದುದು. ಕೆಲಸವನ್ನು ಯಾವಾಗ ಅರ್ಧಕ್ಕೆ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ರೋಗಿಯ ಮಗ್ಗುಲಲ್ಲೇ ನಿಂತು ಏನು ಮಾಡಬೇಕು ಎಂಬುದೇ ಆ ಪಾಠ.

ಮೋಟಾರು ಅಪಘಾತಕ್ಕೆ ಸಿಕ್ಕ ತರುಣನೊಬ್ಬನನ್ನು ನಡುರಾತ್ರಿಯಲ್ಲಿ ತಂದಿದ್ದಾರೆನ್ನೋಣ. ಯಕೃತ್ತು ಸೀಳಿದೆ, ಕರುಳು ಎರಡು ಕಡೆ ಹರಿದಿದೆ. ವೈದ್ಯರು ಹೊಟ್ಟೆಯನ್ನು ತೆರೆದಿದ್ದಾರೆ. ಒಂದು ಗಂಟೆ ಕಳೆಯಿತು. ರಕ್ತವನ್ನು ಕೊಟ್ಟಷ್ಟೂ ಸೋರುತ್ತಿದೆ. ಈಗ ಅವನನ್ನು ಕೊಲ್ಲಹೊರಟಿರುವುದು ಗಾಯವೊಂದೇ ಅಲ್ಲ. ಮೈ ತಣ್ಣಗಾಗಿದೆ, ಸಾಕಷ್ಟು ಪ್ರಾಣವಾಯು ದೊರೆಯದೆ ರಕ್ತದಲ್ಲಿ ಆಮ್ಲ ಏರಿದೆ, ಇವೆರಡರ ಫಲವಾಗಿ ರಕ್ತ ಹೆಪ್ಪುಗಟ್ಟುವುದನ್ನೇ ಮರೆತಿದೆ. ಹೆಪ್ಪುಗಟ್ಟದ ರಕ್ತ ಇನ್ನಷ್ಟು ಸೋರುತ್ತದೆ, ಸೋರಿದಷ್ಟೂ ಮೈ ಇನ್ನಷ್ಟು ತಣ್ಣಗಾಗುತ್ತದೆ. ಸೂಜಿ ಚುಚ್ಚಿದ ಕಡೆಯಿಂದಲೂ ರಕ್ತ ಜಿನುಗತೊಡಗುತ್ತದೆ. ಈ ವಿಷವರ್ತುಲದಲ್ಲಿ ವೈದ್ಯನ ಕೈಚಳಕವೇ ರೋಗಿಗೆ ಶತ್ರು. ಹರಿದ ಕರುಳನ್ನು ನಾಜೂಕಾಗಿ ಹೊಲಿಯುತ್ತ ಕುಳಿತ ಒಂದೊಂದು ನಿಮಿಷವೂ ತೆರೆದ ಹೊಟ್ಟೆಯಿಂದ ಶಾಖ ಹೊರಕ್ಕೆ ಹೋಗುತ್ತಿರುತ್ತದೆ.

ಇಂಥ ಸ್ಥಿತಿಗಿಳಿದ 31 ಮಂದಿಯ ವೃತ್ತಾಂತವನ್ನು ಹಾರ್ಲನ್ ಸ್ಟೋನ್ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ 1983ರಲ್ಲಿ ಪ್ರಕಟಿಸಿದರು. ಮೊದಲಿನ 14 ಮಂದಿಗೆ ರೂಢಿಯಂತೆ ಶಸ್ತ್ರಕ್ರಿಯೆಯನ್ನು ಪೂರ್ತಿಗೊಳಿಸಿದ್ದರು, ಬದುಕಿದವನು ಒಬ್ಬನೇ. ಅನಂತರದ 17 ಮಂದಿಯಲ್ಲಿ ಕೆಲಸವನ್ನು ನಡುವೆಯೇ ತಡೆದು, ರಕ್ತ ಸೋರುವೆಡೆಯಲ್ಲಿ ಬಟ್ಟೆಯ ಮಡಿಕೆಗಳನ್ನು ಒತ್ತಿ ತುಂಬಿ, ಹೊಟ್ಟೆಯನ್ನು ಹೇಗೋ ಮುಚ್ಚಿ ಹೊರಗೆ ಕಳುಹಿಸಿದರು. ರಕ್ತ ಮತ್ತೆ ಹೆಪ್ಪುಗಟ್ಟುವ ಸ್ಥಿತಿಗೆ ಬಂದ ಮೇಲೆಯೇ ಉಳಿದ ಕೆಲಸ. ಅವರಲ್ಲಿ 11 ಮಂದಿ ಬದುಕಿದರು.

ಹತ್ತು ವರ್ಷಗಳ ಬಳಿಕ, 1993ರಲ್ಲಿ, ಫಿಲಡೆಲ್ಫಿಯದ ರೊಟೊಂಡೊ, ಶ್ವಾಬ್ ಮತ್ತವರ ಜೊತೆಯವರು ಈ ಕ್ರಮಕ್ಕೆ ನೌಕಾದಳದಿಂದ ಹೆಸರನ್ನು ಎರವಲು ತಂದರು: ‘ಡ್ಯಾಮೇಜ್ ಕಂಟ್ರೋಲ್’. ಏಟು ತಿಂದ ಹಡಗನ್ನು ನಡುಗಡಲಲ್ಲಿ ಯಾರೂ ರಿಪೇರಿ ಮಾಡುತ್ತ ಕೂರುವುದಿಲ್ಲ. ತೂತನ್ನು ಮುಚ್ಚಿ, ಬೆಂಕಿಯನ್ನು ಆರಿಸಿ, ಮುಳುಗದಂತೆ ಬಂದರಿಗೆ ಮುಟ್ಟಿಸುತ್ತಾರೆ. ಗುಂಡೇಟು, ಇರಿತಗಳಿಂದ ಅತ್ಯಂತ ಘೋರವಾಗಿ ಗಾಯಗೊಂಡವರಲ್ಲಿ, ಶಸ್ತ್ರಕ್ರಿಯೆಯನ್ನು ಒಂದೇ ಸಲಕ್ಕೆ ಮುಗಿಸಿದ 9 ಮಂದಿಯ ಪೈಕಿ ಒಬ್ಬನೂ, ಅರ್ಧಕ್ಕೆ ನಿಲ್ಲಿಸಿದ 13 ಮಂದಿಯ ಪೈಕಿ 10 ಮಂದಿಯೂ ಉಳಿದುಕೊಂಡರೆಂದು ಅವರು ಬರೆದರು. ಸಂಖ್ಯೆಗಳು ಚಿಕ್ಕವು, ನಿಜ. ಆದರೂ ಒಂದು ತಲೆಮಾರಿನ ವೈದ್ಯರ ಕೈಯನ್ನು ಹಿಡಿದು ನಿಲ್ಲಿಸಲು ಅವು ಸಾಕಾದುವು. ಮುಂದೆ ಈ ಕ್ರಮ ಅತಿಯಾಯಿತೆಂಬ ಟೀಕೆಯೂ ಬಂತು. ತೆರೆದಿಟ್ಟ ಹೊಟ್ಟೆಗೆ ತನ್ನದೇ ಅಪಾಯಗಳುಂಟು. ಯಾರಿಗೆ ನಿಲ್ಲಿಸಬೇಕು, ಯಾರಿಗೆ ಮುಗಿಸಬೇಕು ಎಂಬ ವಿವೇಕವೇ ಕಲಿಯಲು ಕಠಿನವಾದ ಭಾಗ.

ಅರ್ಧಕ್ಕೆ ನಿಲ್ಲಿಸಿದವನು ಮನೆಗೆ ಹೋಗುವಂತಿಲ್ಲ. ತರುಣನನ್ನು ತೀವ್ರ ನಿಗಾ ವಿಭಾಗಕ್ಕೆ ಸಾಗಿಸಿದಾಗ ಅವನ ಹೊಟ್ಟೆಯ ಮೇಲೆ ಹೊಲಿಗೆಯ ಬದಲು ಪ್ಲಾಸ್ಟಿಕ್ಕಿನ ಹೊದಿಕೆ. ಅಲ್ಲಿ ಅವನನ್ನು ಬೆಚ್ಚಗಾಗಿಸಬೇಕು. ಕೊಡುವ ರಕ್ತವನ್ನೂ ಬೆಚ್ಚಗೆ ಮಾಡಿಯೇ ಕೊಡಬೇಕು. ಕೆಂಪು ರಕ್ತಕಣದೊಡನೆ ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳೂ ಸರಿಸುಮಾರು ಸಮಪಾಲಿನಲ್ಲಿ ಹೋಗಬೇಕು. ಉಸಿರಾಟದ ಯಂತ್ರ ಊದುವ ಗಾಳಿ ಹೆಚ್ಚಾದರೆ ಶ್ವಾಸಕೋಶಕ್ಕೇ ಪೆಟ್ಟು. ಗಂಟೆಗೊಮ್ಮೆ ಮೂತ್ರದ ಅಳತೆ. ಹೊರಗೆ ಬೆಂಚಿನ ಮೇಲೆ ತಾಯಿ ಕಾದಿರುತ್ತಾಳೆ. “ಕೆಲಸ ಮುಗಿದಿಲ್ಲ ತಾಯಿ, ಮುಗಿಸುವುದನ್ನು ತಾಳಿಕೊಳ್ಳುವ ಶಕ್ತಿ ಅವನ ಮೈಗೆ ಇನ್ನೂ ಬಂದಿಲ್ಲ” ಎಂದು ಆಕೆಗೆ ಹೇಳಬೇಕಾದವನೂ ಅದೇ ವೈದ್ಯನೇ. ಆ ಮಾತಿನ ಅಭ್ಯಾಸವೂ ತರಬೇತಿಯ ಒಂದು ಅಂಗ.

ಗಾಯಾಳುವಿನ ಹಾಸಿಗೆಯ ಬಳಿ ಶಸ್ತ್ರವೈದ್ಯನೇ ಇರಬೇಕೆಂದು ಹಟ ಹಿಡಿದವರಲ್ಲಿ ಬಾಲ್ಟಿಮೋರಿನ ಆರ್. ಆಡಮ್ಸ್ ಕೌಲಿ ಮುಖ್ಯರು. 1960ರಲ್ಲಿ ಅವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಎರಡೇ ಹಾಸಿಗೆಗಳಿಂದ ಆರಂಭಿಸಿದರು. ಉಳಿಯುವ ಆಸೆ ಇಲ್ಲದವರನ್ನೇ ಅಲ್ಲಿಗೆ ಒಯ್ಯುತ್ತಿದ್ದುದರಿಂದ ಅದಕ್ಕೆ ‘ಸಾವಿನ ಪ್ರಯೋಗಶಾಲೆ’ ಎಂಬ ಅಡ್ಡಹೆಸರೂ ಬಿತ್ತು. ಅವರು ಹಿಂಜರಿಯಲಿಲ್ಲ. 1970ರಿಂದ ಪೊಲೀಸರ ಹೆಲಿಕಾಪ್ಟರುಗಳೇ ಗಾಯಾಳುಗಳನ್ನು ಹೊತ್ತು ತಂದವು. ‘ಗೋಲ್ಡನ್ ಅವರ್’ ಎಂಬ ಮಾತನ್ನು ಲೋಕಕ್ಕೆಲ್ಲ ಪರಿಚಯಿಸಿದವರೂ ಅವರೇ. ಅದು ಅರವತ್ತೇ ನಿಮಿಷವೆಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲವಾದರೂ, ತಡವಾದಷ್ಟೂ ಕೇಡೆಂಬುದರಲ್ಲಿ ತಕರಾರಿಲ್ಲ. 1991ರಲ್ಲಿ ಕೌಲಿ ತೀರಿಕೊಂಡರು. ಆ ಆಸ್ಪತ್ರೆ ಇಂದು ಅವರ ಹೆಸರನ್ನೇ ಹೊತ್ತಿದೆ.

ಅಮೆರಿಕದ ಶಸ್ತ್ರವೈದ್ಯ ಮಂಡಳಿ ಈ ವಿದ್ಯೆಗಾಗಿ ಪ್ರತ್ಯೇಕ ಅರ್ಹತಾಪತ್ರವನ್ನು ಕೊಡತೊಡಗಿದ್ದು 1986ರಲ್ಲಿ. ನಿಗಾ ಚಿಕಿತ್ಸೆಯ ಫೆಲೋಷಿಪ್ ಒಂದು ವರ್ಷ. ಅಪಘಾತ ಮತ್ತು ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಇನ್ನೂ ಪಳಗಬಯಸುವವರಿಗೆ ಮತ್ತೊಂದು. ಮೊದಲ ವರ್ಷದ ಬಹುಭಾಗವನ್ನು ಹಾಸಿಗೆಗಳ ನಡುವೆಯೇ ಕಳೆಯಬೇಕು. ಕತ್ತರಿ ಹಿಡಿಯುವ ಸಂದರ್ಭ ಕಡಿಮೆ. ಕೈ ತುಕ್ಕು ಹಿಡಿದೀತೆಂಬ ಅಂಜಿಕೆ ಯುವ ವೈದ್ಯರಿಗೆ ಸಹಜ. ವಾರಕ್ಕೆ ಸರಾಸರಿ 80 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನಿಯಮ 2003ರಲ್ಲಿ ಬಂತು. ಹತ್ತರಿಂದ ಐದರವರೆಗೆ ಕಚೇರಿಯಲ್ಲಿ ಕೂರುವ ಗೃಹಸ್ಥರಿಗೆ ಈ ರಿಯಾಯಿತಿಯೇ ದಿಗಿಲು ಹುಟ್ಟಿಸೀತು!

ನಮ್ಮ ದೇಶದಲ್ಲಿ ಇಂಥವರ ಅಗತ್ಯ ಎಷ್ಟೆಂಬುದಕ್ಕೆ ಒಂದೇ ಅಂಕಿ ಸಾಕು: ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ಜಯಪ್ರಕಾಶ ನಾರಾಯಣ ಅಪೆಕ್ಸ್ ಟ್ರಾಮಾ ಸೆಂಟರಿನಲ್ಲಿ ಅಪಘಾತ ಶಸ್ತ್ರಚಿಕಿತ್ಸೆ ಮತ್ತು ತೀವ್ರ ನಿಗಾ ಚಿಕಿತ್ಸೆಗಳೆರಡನ್ನೂ ಸೇರಿಸಿ ಎಂ.ಸಿ.ಎಚ್. ಪದವಿಗೆ ಕಲಿಸುತ್ತದೆ. ಎಂ.ಎಸ್. ಮುಗಿಸಿದವರಿಗೆ ಮತ್ತೆ ಮೂರು ವರ್ಷಗಳ ಓದು.

ದೆಹಲಿಯಾಗಲಿ ಬಾಲ್ಟಿಮೋರಾಗಲಿ, ಮೈ ಬೆಚ್ಚಗಾಗಿ ರಕ್ತ ಹೆಪ್ಪುಗಟ್ಟತೊಡಗಿದ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನದೊಳಗೆ, ಆ ತರುಣನನ್ನು ಮತ್ತೆ ಶಸ್ತ್ರಕ್ರಿಯೆಯ ಮೇಜಿಗೆ ಒಯ್ಯುತ್ತಾರೆ. ಬಟ್ಟೆಯ ಮಡಿಕೆಗಳು ಹೊರಬರುತ್ತವೆ, ಕರುಳು ಕೂಡುತ್ತದೆ, ಕಡೆಗೂ ಹೊಲಿಗೆ ಬೀಳುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಪ್ರಾಣದ ಗದ್ದಲದಲ್ಲಿ ಕಣ್ತಪ್ಪಿದ ಗಾಯಗಳಿವೆಯೇ ಎಂದು ನೆತ್ತಿಯಿಂದ ಅಂಗಾಲಿನವರೆಗೆ ಇನ್ನೊಮ್ಮೆ ಪರೀಕ್ಷಿಸುವುದು ಈ ವೈದ್ಯರಿಗೆ ವಿಧಿಸಿದ ಕ್ರಮ. ಎಚ್ಚರಗೊಂಡ ರೋಗಿಯಲ್ಲಿ ಅದನ್ನು ಮತ್ತೊಮ್ಮೆ ಮಾಡುತ್ತಾರೆ. ಯಕೃತ್ತನ್ನು ಉಳಿಸಿದವನು ಹಾಸಿಗೆಯ ಅಂಚಿನಲ್ಲಿ ನಿಂತು, ತರುಣನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಕೇಳುತ್ತಾನೆ: “ಇಲ್ಲಿ ನೋವಿದೆಯೇ?”