ಮುದಿ ನಾಯಿಯ ಮೈಮೇಲೆ ಗಂಟು: ಕೈ ಸುಳ್ಳು ಹೇಳಬಹುದು, ಸೂಜಿ ಕೇಳಿ

ವಯಸ್ಸಾದ ನಾಯಿಗೆ ಸ್ನಾನ ಮಾಡಿಸುವಾಗ ಕೈಗೆ ಗಂಟು ತಗಲಿದರೆ ಮೊದಲು ಕೂದಲು ಸರಿಸಿ ನೋಡಿ. ರಕ್ತ ಹೀರಿ ಊದಿಕೊಂಡ ಉಣುಗು ಇರಬಹುದು. ಬುಡದಲ್ಲಿ ಪುಟ್ಟ ಕಾಲುಗಳು ಕಾಣುತ್ತವೆ. ಹೊಟ್ಟೆಯ ಮೇಲಿನದಾದರೆ ಮೊಲೆತೊಟ್ಟೂ ಆಗಿರಬಹುದು; ಗಂಡು ನಾಯಿಗೂ ಅದಿರುತ್ತದೆ.

ನಿಜವಾದ ಗಂಟುಗಳಲ್ಲಿ ಬಹಳ ಸಾಮಾನ್ಯವಾದದ್ದು ಲಿಪೋಮಾ, ಅಂದರೆ ಕೊಬ್ಬಿನ ಗಂಟು. ಎದೆ, ಪಕ್ಕೆ, ಹೊಟ್ಟೆ, ಕಂಕುಳಲ್ಲಿ ಚರ್ಮದಡಿ ನಿಧಾನವಾಗಿ ಬೆಳೆಯುತ್ತದೆ. ಮೆತ್ತಗಿರುತ್ತದೆ, ಒತ್ತಿದರೆ ಜಾರುತ್ತದೆ, ನೋಯುವುದಿಲ್ಲ. ಲ್ಯಾಬ್ರಡಾರ್, ಡಾಬರ್‌ಮನ್ ತಳಿಗಳಲ್ಲಿ, ಮೈ ಬಂದ ನಾಯಿಗಳಲ್ಲಿ ಇದು ಹೆಚ್ಚು. ಕಣ್ರೆಪ್ಪೆ, ತಲೆಯ ಮೇಲೆ ನರಹುಲಿಯಂತೆ ಏಳುವ ಎಣ್ಣೆಗ್ರಂಥಿಯ ಗಂಟುಗಳೂ ಬಹುತೇಕ ನಿರುಪದ್ರವಿ.

ಸಿಸ್ಟ್ ಬೇರೆ. ರೋಮಕೂಪದ ಬಾಯಿ ಕಟ್ಟಿಕೊಂಡು, ಒಳಗೆ ಕೆರಾಟಿನ್ ತುಂಬಿದ ಚೀಲವದು. ಒಡೆದರೆ ಬಿಳಿ ಅಥವಾ ಬೂದು ಬಣ್ಣದ ಗಟ್ಟಿ ಮುದ್ದೆ ಹೊರಬರುತ್ತದೆ. ಹಾಗೆಂದು ಹಿಸುಕಬೇಡಿ. ಚೀಲ ಚರ್ಮದೊಳಗೇ ಒಡೆದರೆ ಸುತ್ತಲಿನ ಭಾಗ ಕೆಂಪಾಗಿ ಊದಿಕೊಳ್ಳುತ್ತದೆ, ಕೀವಾಗಲೂಬಹುದು.

ತೊಡಕಿರುವುದು ಮಾಸ್ಟ್ ಸೆಲ್ ಗೆಡ್ಡೆಯಲ್ಲಿ. ಇದು ಕ್ಯಾನ್ಸರ್, ಆದರೂ ಲಿಪೋಮಾದಷ್ಟೇ ಮೆತ್ತಗಿರಬಹುದು. ಅದರ ಕೋಶಗಳು ಹಿಸ್ಟಮಿನ್ ಸುರಿಸುವುದರಿಂದ ಇಂದು ಊದಿ ನಾಳೆ ಇಳಿಯುವುದೂ ಉಂಟು. ಹೀಗಾಗಿ ಅನುಭವಿ ಪಶುವೈದ್ಯರೂ ಬರೀ ಮುಟ್ಟಿ ತೀರ್ಮಾನಿಸುವುದಿಲ್ಲ. ಇಂಜೆಕ್ಷನ್ನಿನ ಸಣ್ಣ ಸೂಜಿ ಚುಚ್ಚಿ ಕೋಶಗಳನ್ನು ಎಳೆದು, ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ಲಿಪೋಮಾದ ಹನಿ ಗಾಜಿನ ಮೇಲೆ ಒಣಗದೆ ಎಣ್ಣೆಯಾಗಿ ಹೊಳೆಯುತ್ತದೆ. ಮಾಸ್ಟ್ ಕೋಶಗಳಲ್ಲಿ ಬಣ್ಣ ಹಾಕಿದಾಗ ನೇರಳೆ ಕಣಗಳು ತುಂಬಿರುವುದು ಕಾಣುತ್ತದೆ. ಇದರಲ್ಲೂ ಸ್ಪಷ್ಟವಾಗದಿದ್ದರೆ ಬಯಾಪ್ಸಿ.

ಗಂಟು 1 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಇಲ್ಲವೇ ತಿಂಗಳಾದರೂ ಹೋಗದಿದ್ದರೆ ಪರೀಕ್ಷೆ ಮಾಡಿಸಿ. ಬೇಗ ಬೆಳೆಯುತ್ತಿದ್ದರೆ, ಹುಣ್ಣಾಗಿದ್ದರೆ, ಒಳಗೆ ಅಂಟಿಕೊಂಡಂತಿದ್ದರೆ, ಬಾಯಲ್ಲಿದ್ದರೆ ಅಥವಾ ಹೆಣ್ಣು ನಾಯಿಯ ಮೊಲೆಯ ಸಾಲಿನಲ್ಲಿದ್ದರೆ ಕಾಯಲೇಬೇಡಿ.

ಲಿಪೋಮಾ ಎಂದು ಖಚಿತವಾದರೆ ಎಲ್ಲಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕಂಕುಳಲ್ಲಿ ಬೆಳೆದು ನಡಿಗೆಗೆ ಅಡ್ಡಿಯಾದರೆ ತೆಗೆಸುತ್ತಾರೆ. ಉಳಿದವುಗಳ ಜಾಗ, ಅಳತೆ, ತಾರೀಕು ಬರೆದಿಡಿ. ಪಕ್ಕದಲ್ಲಿ ನಾಣ್ಯವಿಟ್ಟು ಫೋಟೊ ತೆಗೆಯಿರಿ. ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಹೊಸ ಗಂಟು ಎದ್ದರೆ ಹಳೆಯದರ ರಿಪೋರ್ಟ್ ಅದಕ್ಕೆ ಅನ್ವಯಿಸುವುದಿಲ್ಲ. ಅದಕ್ಕೂ ಬೇರೆಯಾಗಿ ಸೂಜಿ ಪರೀಕ್ಷೆ ಆಗಬೇಕು.