ಮಸಣದ ನೆಲದಲ್ಲಿ ಮುಗಿಲ ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಎಚ್ಚರಿಸಿ ಹೋಗಿದ್ದಾರೆ. ಎರಡರಲ್ಲಿಯೂ ಕೈಯಲ್ಲಿರುವ ಹಣಕ್ಕಿಂತ ಮುಂಚಿತವಾಗಿ ಮುಗಿದುಹೋಗುವುದು ತಾಳ್ಮೆ. ಏಕೆಂದರೆ ಎರಡಕ್ಕೂ ಊರಿಗೆ ಊರೇ ಸಲಹೆಗಾರ. ಸಾಮಾನ್ಯ ಮನೆಯ ಮಾತೇ ಹೀಗಿರುವಾಗ, ಸಾವಿರಾರು ಜನ ಒಂದೇ ಮುಂಜಾವಿನಲ್ಲಿ ಮಡಿದ ನೆಲದ ಮೇಲೆ, ಮಡಿದವರಲ್ಲಿ ಅನೇಕರ ಎಲುಬಿನ ಚೂರೂ ಗುರುತಿಗೆ ಸಿಗದೆ ಇರುವಾಗ, ಮುಗಿಲು ಮುಟ್ಟುವ ಸೌಧವೊಂದನ್ನೂ ಅದರ ಬುಡದಲ್ಲಿ ಸ್ಮಾರಕವನ್ನೂ ಕಟ್ಟಹೊರಟವರ ಪಾಡು ಏನಾಗಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ನ್ಯೂಯಾರ್ಕ್ ನಗರದ ಆ ಹದಿನಾರು ಎಕರೆ ನೆಲದಲ್ಲಿ ಕಲ್ಲು, ಉಕ್ಕು, ಗಾಜುಗಳಿಗಿಂತ ಮೊದಲು ರಾಶಿ ಬಿದ್ದುದು ಮಾತು. ಆ ಮಾತಿನ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

೨೦೦೧ನೆಯ ಸೆಪ್ಟೆಂಬರ್ ೧೧ರಂದು ವರ್ಲ್ಡ್ ಟ್ರೇಡ್ ಸೆಂಟರಿನ ಜೋಡಿ ಗೋಪುರಗಳು ಉರುಳಿ ೨,೭೫೩ ಜನ ಅಲ್ಲಿ ಅಸುನೀಗಿದರು. ಆ ನೆಲ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳ ಜಂಟಿ ಬಂದರು ಪ್ರಾಧಿಕಾರದ ಸೊತ್ತು. ಅದೇ ವರ್ಷದ ಜುಲೈ ತಿಂಗಳಲ್ಲಷ್ಟೇ ಲ್ಯಾರಿ ಸಿಲ್ವರ್‌ಸ್ಟೀನ್ ಎಂಬ ಕಟ್ಟಡ ವ್ಯವಹಾರಸ್ಥರು ಅದನ್ನು ೯೯ ವರ್ಷಗಳ ಗುತ್ತಿಗೆಗೆ ಹಿಡಿದಿದ್ದರು. ಗೋಪುರಗಳು ಬಿದ್ದವು, ಗುತ್ತಿಗೆ ಬೀಳಲಿಲ್ಲ. ಕಳೆದುಹೋದಷ್ಟೇ ಕಚೇರಿಗಳನ್ನು ಮತ್ತೆ ಕಟ್ಟುವ ಹಕ್ಕು ತಮಗಿದೆಯೆಂದು ಅವರು ವಾದಿಸಿದರು. ವಿಮೆಯ ಹಣಕ್ಕಾಗಿ ನಡೆದ ವ್ಯಾಜ್ಯದಲ್ಲಿ ಎದ್ದ ಪ್ರಶ್ನೆಯಂತೂ ವಿಚಿತ್ರವಾದುದು: ಎರಡು ವಿಮಾನಗಳು ಎರಡು ಗೋಪುರಗಳಿಗೆ ಬಡಿದುದು ಒಂದು ದುರ್ಘಟನೆಯೋ, ಎರಡೋ? ೨೦೦೪ರಲ್ಲಿ ಒಂದು ಜ್ಯೂರಿ ಕೆಲವು ಕಂಪನಿಗಳ ಮಟ್ಟಿಗೆ ಒಂದೆಂದೂ, ಇನ್ನೊಂದು ಜ್ಯೂರಿ ಬೇರೆ ಕೆಲವು ಕಂಪನಿಗಳ ಮಟ್ಟಿಗೆ ಎರಡೆಂದೂ ಹೇಳಿತು! ಇತ್ತ ಗಂಡನನ್ನೋ ಮಗಳನ್ನೋ ಕಳೆದುಕೊಂಡವರಿಗೆ ಆ ನೆಲ ಮಸಣ. ಸುತ್ತಮುತ್ತ ಮನೆಮಾಡಿಕೊಂಡಿರುವವರಿಗೆ ಅದು ತಮ್ಮ ಬೀದಿ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ದಾರಿ. ಇವರಲ್ಲಿ ಯಾರ ಮಾತನ್ನೂ ಸುಳ್ಳೆನ್ನುವಂತಿರಲಿಲ್ಲ. ತೊಡಕಿದ್ದುದೇ ಅಲ್ಲಿ.

ಬಿದ್ದ ಗೋಪುರಗಳಿಗಾಗಿ ಜಗತ್ತು ಮರುಗಿತಾದರೂ, ಅವು ಎದ್ದಾಗ ಊರು ಮರುಗಿದುದನ್ನು ಹಲವರು ಮರೆತಿದ್ದರು. ಅಲ್ಲಿ ಮೊದಲು ರೇಡಿಯೋ, ವಿದ್ಯುತ್ ಸಾಮಾನುಗಳ ನೂರಾರು ಪುಟ್ಟ ಅಂಗಡಿಗಳ ಪೇಟೆಯಿತ್ತು. ‘ರೇಡಿಯೋ ರೋ’ ಎಂದು ಅದರ ಹೆಸರು. ಒಕ್ಕಲೆಬ್ಬಿಸುವ ಸುದ್ದಿ ಬಂದಾಗ ಅಂಗಡಿಕಾರರು ಅಣಕು ಶವಪೆಟ್ಟಿಗೆಯನ್ನು ಹೊತ್ತು ಮೆರವಣಿಗೆ ನಡೆಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಸೋತರು. ಗಿರಣಗಾಂವಿನ ಚಿಮಣಿಗಳಿದ್ದೆಡೆ ಗಾಜಿನ ಗೋಪುರಗಳೆದ್ದುದನ್ನು ಕಂಡಿರುವ ಮುಂಬಯಿಯ ನಮ್ಮ ಓದುಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ೧೯೬೮ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಪಕ್ಷದವರು ಹೊಸ ಗೋಪುರಗಳನ್ನು ವಿರೋಧಿಸಿ ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟರು. ಅದರ ಚಿತ್ರದಲ್ಲಿ ವಿಮಾನವೊಂದು ಗೋಪುರದತ್ತ ಹಾರಿಬರುತ್ತಿತ್ತು. ಮಿನೋರು ಯಾಮಸಾಕಿಯವರು ರಚಿಸಿದ ಆ ಸೌಧಗಳನ್ನು ವಿಮರ್ಶಕರು ಬಹುಕಾಲ ಹಳಿದರು. ೧೯೭೪ರಲ್ಲಿ ಫಿಲಿಪ್ ಪೆತಿ ಎಂಬ ಫ್ರೆಂಚ್ ತರುಣ ಎರಡು ಗೋಪುರಗಳ ನಡುವೆ ತಂತಿ ಬಿಗಿದು ನಡೆದಾಡಿದಾಗಲೇ ಜನರಿಗೆ ಅವುಗಳ ಮೇಲೆ ಕೊಂಚ ಮಮತೆ ಹುಟ್ಟಿತೆಂದು ಹೇಳುವವರುಂಟು.

ಈ ಸಲ ಜನರನ್ನು ಕೇಳಿಯೇ ಕಟ್ಟುವುದೆಂದಾಯಿತು. ೨೦೦೨ರ ಜುಲೈಯಲ್ಲಿ ಆರು ನಕ್ಷೆಗಳನ್ನು ಪ್ರಕಟಿಸಿದರು. ಅದೇ ತಿಂಗಳ ೨೦ರಂದು ಜಾವಿಟ್ಸ್ ಸಭಾಂಗಣದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ನಾಗರಿಕರು ಕೂಡಿದರು. ಹತ್ತು ಹತ್ತು ಜನರು ಒಂದೊಂದು ಮೇಜಿನ ಸುತ್ತ ಕುಳಿತು, ಮೇಜಿಗೊಂದು ಗಣಕಯಂತ್ರವನ್ನಿಟ್ಟುಕೊಂಡು, ದಿನವಿಡೀ ಚರ್ಚಿಸಿದರು. ಮೃತರ ಬಂಧುಗಳು, ಬದುಕಿ ಉಳಿದವರು, ನೆರೆಯ ನಿವಾಸಿಗಳು, ಕೆಲಸ ಕಳೆದುಕೊಂಡವರು, ಎಲ್ಲರೂ ಅಲ್ಲಿದ್ದರು. ಆರು ನಕ್ಷೆಗಳಲ್ಲಿಯೂ ಕಳೆದುಹೋದ ಸುಮಾರು ಒಂದು ಕೋಟಿ ಹತ್ತು ಲಕ್ಷ ಚದರಡಿ ಕಚೇರಿಯನ್ನು ಮರಳಿ ತುಂಬುವ ಲೆಕ್ಕಾಚಾರವೇ ಮುಖ್ಯವಾಗಿತ್ತು. ಸ್ಮಾರಕ ಉಳಿದ ಮೂಲೆಗೆ ಸರಿದಿತ್ತು. ಸಭೆ ಆರನ್ನೂ ನೀರಸವೆಂದು ತಳ್ಳಿಹಾಕಿತು. ಅಧಿಕಾರಿಗಳು ನಕ್ಷೆಗಳನ್ನು ಸುರುಳಿ ಸುತ್ತಿ ಹೊಸದಾಗಿ ಆರಂಭಿಸಬೇಕಾಯಿತು. ಸಾರ್ವಜನಿಕ ಸಭೆಗಳೆಂದರೆ ನಿರ್ಣಯವಾದ ಮೇಲೆ ಚಪ್ಪಾಳೆಗೆ ಕರೆಯುವ ಸಮಾರಂಭವೆಂದು ತಿಳಿದಿರುವ ನಮಗೆ ಇದು ಸೋಜಿಗವೇ ಸರಿ.

೨೦೦೩ರ ಫೆಬ್ರುವರಿಯಲ್ಲಿ ಡೇನಿಯಲ್ ಲಿಬೆಸ್ಕಿಂಡ್ ಅವರ ಯೋಜನೆ ಆಯ್ಕೆಯಾಯಿತು. ಪೋಲೆಂಡಿನಲ್ಲಿ ಹುಟ್ಟಿ, ಬಾಲಕನಾಗಿ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಈ ವಾಸ್ತುಶಿಲ್ಪಿ, ಸ್ವಾತಂತ್ರ್ಯ ದೇವತೆಯ ಎತ್ತಿದ ಕೈಯನ್ನು ನೆನಪಿಸುವ ಒಂದು ಗೋಪುರವನ್ನು ಕಲ್ಪಿಸಿದರು. ಎತ್ತರ ೧,೭೭೬ ಅಡಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ವರ್ಷ. ಪ್ರತಿ ಸೆಪ್ಟೆಂಬರ್ ೧೧ರ ಬೆಳಿಗ್ಗೆ, ದಾಳಿ ನಡೆದ ಹೊತ್ತಿನಲ್ಲಿ, ನೆರಳು ಬೀಳದ ಒಂದು ‘ಬೆಳಕಿನ ಅಂಗಳ’ವೂ ಅವರ ಕಲ್ಪನೆಯಲ್ಲಿತ್ತು. ಪಕ್ಕದ ಹೋಟೆಲಿನ ನೆರಳು ಅಲ್ಲಿ ಬಿದ್ದೇ ಬೀಳುತ್ತದೆಂದು ಬೇರೊಬ್ಬ ವಾಸ್ತುಶಿಲ್ಪಿ ಲೆಕ್ಕ ಹಾಕಿ ತೋರಿಸಿದರು. ಕವಿತ್ವಕ್ಕೆ ಗಣಿತ ಅಡ್ಡಬಂದ ಪ್ರಸಂಗಗಳಲ್ಲಿ ಇದೂ ಒಂದು.

ಮುಂದೆ ಗೋಪುರ ಜನರ ಕೈಯಿಂದ ಜಾರಿತು. ಗುತ್ತಿಗೆದಾರರು ತಮ್ಮವರೇ ಆದ ಡೇವಿಡ್ ಚೈಲ್ಡ್ಸ್ ಎಂಬ ಶಿಲ್ಪಿಯನ್ನು ನೇಮಿಸಿದರು. ಇಬ್ಬರು ಶಿಲ್ಪಿಗಳಿಗೂ ಎಣ್ಣೆ ಸೀಗೆಕಾಯಿ. ೨೦೦೪ರ ಜುಲೈ ೪ರಂದು ಬ್ಯಾಂಡು ಬಾವುಟಗಳೊಡನೆ ಇಪ್ಪತ್ತು ಟನ್ ತೂಕದ ಗ್ರಾನೈಟ್ ಅಸ್ತಿಭಾರ ಶಿಲೆಯನ್ನು ಇರಿಸಿದರು. ಮರುವರ್ಷ ಪೊಲೀಸರು, ಗೋಪುರ ಹೆದ್ದಾರಿಗೆ ತೀರ ಹತ್ತಿರವಿದೆ, ಸ್ಫೋಟಕ ತುಂಬಿದ ಲಾರಿ ಬಂದರೆ ಗತಿಯೇನು ಎಂದು ಆಕ್ಷೇಪಿಸಿದರು. ಇಡೀ ನಕ್ಷೆ ಬದಲಾಯಿತು. ಬುಡದಲ್ಲಿ ಕಿಟಕಿಯೇ ಇಲ್ಲದ, ಇನ್ನೂರು ಅಡಿಯಷ್ಟು ಎತ್ತರದ ಕಾಂಕ್ರೀಟ್ ಕೋಟೆ ಬಂತು. ಅಸ್ತಿಭಾರ ಶಿಲೆಯನ್ನೇ ಅಲ್ಲಿಂದ ಎತ್ತಿ ಬೇರೆಡೆಗೆ ಸಾಗಿಸಿದರು! ಸ್ವಾತಂತ್ರ್ಯದ ಹೆಸರಿನ ಗೋಪುರ ಭಯದಿಂದ ಮುದುಡಿ ನಿಂತಿದೆಯೆಂದು ವಿಮರ್ಶಕರು ಟೀಕಿಸಿದರು. ಕೋಟೆಯನ್ನು ಮರೆಸಲು ಹೊಳೆಯುವ ಪಟ್ಟಕದ ಗಾಜನ್ನು ಹೊದಿಸುವ ಯೋಜನೆಯನ್ನೂ ೨೦೧೧ರಲ್ಲಿ ಕೈಬಿಟ್ಟರು. ಅಷ್ಟೆಲ್ಲ ಭದ್ರತೆಯ ನಡುವೆ ೨೦೧೪ರ ಮಾರ್ಚಿಯಲ್ಲಿ ೧೬ ವರ್ಷದ ಹುಡುಗನೊಬ್ಬ ಬೇಲಿಯ ಕಿಂಡಿಯಲ್ಲಿ ನುಸುಳಿ ನೆತ್ತಿಯವರೆಗೂ ಹತ್ತಿ ಬಂದನೆಂಬುದು ಬೇರೆ ಮಾತು.

ಹೆಸರಿನ ಗೊಂದಲವೂ ಕಡಿಮೆಯದಲ್ಲ. ‘ಫ್ರೀಡಂ ಟವರ್’ ಎಂದು ನಾಮಕರಣವಾಗಿದ್ದುದನ್ನು ೨೦೦೯ರ ಮಾರ್ಚಿಯಲ್ಲಿ ಬಂದರು ಪ್ರಾಧಿಕಾರ ಬದಿಗಿರಿಸಿ ‘ಒನ್ ವರ್ಲ್ಡ್ ಟ್ರೇಡ್ ಸೆಂಟರ್’ ಎಂಬ ಹೆಸರನ್ನು ಬಳಕೆಗೆ ತಂದಿತು. ಬಾಡಿಗೆದಾರರನ್ನು ಹುಡುಕಲು ಆ ಹೆಸರೇ ಅನುಕೂಲವೆಂಬುದು ಕಾರಣ. ದೇಶಾಭಿಮಾನಿಗಳು ಕೆರಳಿದರು. ಜೋಡಿ ಗೋಪುರಗಳನ್ನೇ ಇದ್ದಂತೆ ಎಬ್ಬಿಸಿ ನಿಲ್ಲಿಸಬೇಕು, ಇಲ್ಲವಾದರೆ ಕೊಂದವರೇ ಗೆದ್ದಂತೆ ಎನ್ನುವ ಪಂಗಡವೂ ಇತ್ತು. ೨೦೦೫ರಲ್ಲಿ ಡೊನಾಲ್ಡ್ ಟ್ರಂಪ್ ಅದರ ಪರವಾಗಿ ಗಟ್ಟಿಯಾಗಿ ಮಾತಾಡಿದ್ದರು. ಕಡೆಗೆ ೨೦೧೩ರ ನವೆಂಬರಿನಲ್ಲಿ, ಶಿಖರದ ಕಂಬ ಕಟ್ಟಡದ ಅಂಗವೋ ಬರಿಯ ಆಂಟೆನಾವೋ ಎಂಬ ವಿವಾದ ಷಿಕಾಗೋ ನಗರದಲ್ಲಿ ಸೇರಿದ ತಜ್ಞರ ಸಮಿತಿಯ ಮುಂದೆ ಬಂತು. ಅಂಗವೆಂದರೆ ೧,೭೭೬ ಅಡಿ. ಅಲ್ಲವೆಂದರೆ ೧,೩೬೮ ಮಾತ್ರ, ಆಗ ಷಿಕಾಗೋದ ವಿಲ್ಲಿಸ್ ಗೋಪುರವೇ ದೇಶಕ್ಕೆ ದೊಡ್ಡದು. ತೀರ್ಪು ನ್ಯೂಯಾರ್ಕಿನ ಕಡೆಗಾಯಿತು.

ಇಷ್ಟು ಗೋಪುರದ ಮಾತು. ನಮ್ಮ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಅದರ ಬುಡದ ಸ್ಮಾರಕದಲ್ಲಿ; ಏಕೆಂದರೆ ಜನರ ಮಾತು ಕೆಲಸ ಮಾಡಿದುದು ಅಲ್ಲಿ.

ಸ್ಮಾರಕಕ್ಕಾಗಿ ೨೦೦೩ರಲ್ಲಿ ನಡೆದ ಸ್ಪರ್ಧೆಗೆ ೬೩ ದೇಶಗಳಿಂದ ೫,೨೦೧ ರಚನೆಗಳು ಬಂದವು. ಗೆದ್ದವರು ನ್ಯೂಯಾರ್ಕ್ ನಗರದ ಗೃಹನಿರ್ಮಾಣ ಇಲಾಖೆಯಲ್ಲಿ ನೌಕರಿಯಲ್ಲಿದ್ದ, ಮೂವತ್ತನಾಲ್ಕು ವಯಸ್ಸಿನ ಮೈಕೇಲ್ ಅರಾದ್. ಬಿದ್ದ ಎರಡು ಗೋಪುರಗಳ ನೆಲೆಯಲ್ಲಿಯೇ ಒಂದೊಂದು ಎಕರೆಯಷ್ಟು ವಿಶಾಲವಾದ ಎರಡು ಚೌಕ ಕೊಳಗಳು. ನಾಲ್ಕೂ ಅಂಚುಗಳಿಂದ ನೀರು ಮೂವತ್ತಡಿ ಕೆಳಗೆ ಸುರಿದು, ನಡುವಿನ ಇನ್ನೊಂದು ಚೌಕ ಹೊಂಡದೊಳಗೆ ಇಳಿದು ಕಣ್ಮರೆಯಾಗುವುದು. ಆ ಹೊಂಡದ ತಳ ಎಲ್ಲಿ ನಿಂತರೂ ಕಾಣದು. ಸುತ್ತ ಪೀಟರ್ ವಾಕರ್ ಅವರು ಯೋಜಿಸಿದ ನಾಲ್ಕು ನೂರಕ್ಕೂ ಹೆಚ್ಚು ಓಕ್ ಮರಗಳು. ಇಲ್ಲದವರನ್ನು ಇಲ್ಲದಿರುವಿಕೆಯಿಂದಲೇ ತೋರಿಸುವ ಉಪಾಯ. ಅನೇಕರು ಮೆಚ್ಚಿದರು, ಕೆಲವರು ಬರಿಯ ಶೂನ್ಯವೆಂದರು.

ಮೊದಲ ನಕ್ಷೆಯಲ್ಲಿ ಮೃತರ ಹೆಸರುಗಳಿದ್ದುದು ನೆಲದಡಿಯ ಮೊಗಸಾಲೆಯಲ್ಲಿ. ನೀರ ತೆರೆಯ ಹಿಂದೆ ನಿಂತು ಓದಬೇಕಾಗಿತ್ತು. “ನಮ್ಮವರನ್ನು ಮತ್ತೆ ನೆಲದಡಿ ಹೂಳುವಿರಾ?” ಎಂಬುದು ಬಂಧುಗಳ ಆಕ್ಷೇಪದ ತಿರುಳು. ೨೦೦೬ರಲ್ಲಿ ಖರ್ಚಿನ ಅಂದಾಜು ನೂರು ಕೋಟಿ ಡಾಲರಿನತ್ತ ಏರಿದಾಗ ಯೋಜನೆಯನ್ನು ತಿದ್ದಲೇಬೇಕಾಯಿತು. ಆಗ ಹೆಸರುಗಳು ಮೇಲಕ್ಕೆ, ಬಿಸಿಲಿಗೆ, ಕೊಳದಂಚಿನ ಕಂಚಿನ ಕಟ್ಟೆಯ ಮೇಲಕ್ಕೆ ಬಂದವು. ಬಂಧುಗಳ ಬೇಡಿಕೆಯೂ ಖಜಾಂಚಿಯ ಕತ್ತರಿಯೂ ಒಂದೇ ದಿಕ್ಕಿಗೆ ಎಳೆದುದು ಪುಣ್ಯ.

ಆಮೇಲೆ ಎದ್ದ ಪ್ರಶ್ನೆ ಇನ್ನೂ ಕಠಿಣ: ಹೆಸರುಗಳ ಅನುಕ್ರಮ ಯಾವುದು? ಸಾವು ಯಾರನ್ನೂ ವಿಂಗಡಿಸದೆ ಕೊಂಡೊಯ್ದುದರಿಂದ ಹೆಸರುಗಳೂ ಯಾವ ಕ್ರಮವಿಲ್ಲದೆ ಇರಲೆಂದರು ಶಿಲ್ಪಿ. ಅಗ್ನಿಶಾಮಕ ದಳದವರು ಒಪ್ಪಲಿಲ್ಲ. ಮೆಟ್ಟಿಲು ಹತ್ತುತ್ತ ಮಡಿದ ತಮ್ಮ ೩೪೩ ಮಂದಿ ಒಟ್ಟಿಗಿರಬೇಕು, ಅವರ ಹುದ್ದೆಗಳನ್ನೂ ಬರೆಯಬೇಕೆಂದರು. ೬೫೮ ಸಹೋದ್ಯೋಗಿಗಳನ್ನು ಕಳೆದುಕೊಂಡ ಕ್ಯಾಂಟರ್ ಫಿಟ್ಸ್‌ಜೆರಾಲ್ಡ್ ಸಂಸ್ಥೆಯ ಕುಟುಂಬಗಳು ತಮ್ಮವರ ಹೆಸರೊಡನೆ ಸಂಸ್ಥೆಯ ಹೆಸರೂ ವಯಸ್ಸೂ ಇರಲೆಂದವು. ಊರ ಕಾಳಗದಲ್ಲಿ ತುರು ಕಾಯಲು ಹೋಗಿ ಸತ್ತವನ ಹೆಸರನ್ನು ವೀರಗಲ್ಲಿನಲ್ಲಿ ಕೆತ್ತಿಸಿದ ನಾಡಿನವರಾದ ನಮಗೆ, ಒಂದು ಹೆಸರು ಎಲ್ಲಿ ಯಾರ ಪಕ್ಕದಲ್ಲಿ ನಿಲ್ಲುತ್ತದೆಂಬುದು ಸಣ್ಣ ಸಂಗತಿಯೆಂದು ತೋರದು. ಮೇಯರ್ ಮೈಕೇಲ್ ಬ್ಲೂಮ್‌ಬರ್ಗ್ ನಡುವೆ ನಿಂತು ೨೦೦೬ರ ಕೊನೆಗೆ ಒಂದು ರಾಜಿ ಮಾಡಿಸಿದರು: ಗೋಪುರವಾರು, ವಿಮಾನವಾರು, ದಳವಾರು ಗುಂಪುಗಳು, ಹುದ್ದೆಯಿಲ್ಲ, ವಯಸ್ಸಿಲ್ಲ, ಸಂಸ್ಥೆಯ ಹೆಸರಿಲ್ಲ, ಆದರೆ ಯಾರ ಪಕ್ಕದಲ್ಲಿ ಯಾರಿರಬೇಕೆಂದು ಬಂಧುಗಳು ಕೇಳಿಕೊಳ್ಳಬಹುದು.

ಹನ್ನೆರಡು ನೂರಕ್ಕೂ ಹೆಚ್ಚು ಕೋರಿಕೆಗಳು ಬಂದವು. ಅಣ್ಣನ ಬಳಿ ತಮ್ಮ, ಗೆಳತಿಯ ಬಳಿ ಗೆಳತಿ, ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಊಟದ ಡಬ್ಬಿ ಬಿಚ್ಚಿದವರ ಸಾಲು. ಗಣಕಯಂತ್ರದ ನೆರವಿನಿಂದ ಇವನ್ನೆಲ್ಲ ಹೊಂದಿಸಿದರು. ೧೯೯೩ರ ಬಾಂಬ್ ಸ್ಫೋಟದಲ್ಲಿ ಅಲ್ಲಿಯೇ ಮಡಿದ ಆರು ಮಂದಿಯೂ ಸೇರಿ ೨,೯೮೩ ಹೆಸರುಗಳು. ಗರ್ಭಿಣಿಯರ ಹೆಸರಿನ ಮುಂದೆ ಹುಟ್ಟದ ಮಗುವಿನ ಉಲ್ಲೇಖವುಂಟು. ಅಕ್ಷರಗಳನ್ನು ಕಂಚಿನಲ್ಲಿ ಆರಪಾರ ಕೊರೆದಿರುವುದರಿಂದ ರಾತ್ರಿ ಅವುಗಳ ಮೂಲಕ ಬೆಳಕು ಹೊಮ್ಮುತ್ತದೆ. ಹುಟ್ಟಿದ ಹಬ್ಬದ ದಿನ ಆ ಹೆಸರಿಗೆ ಬಿಳಿ ಗುಲಾಬಿ ಸಿಕ್ಕಿಸುವ ಪದ್ಧತಿಯಿದೆ. ಹೀಗಿದ್ದೂ ಎಲ್ಲರಿಗೂ ಸಮಾಧಾನವಾಯಿತೆಂದಲ್ಲ. ಪಾಕಿಸ್ತಾನದಿಂದ ಬಂದ ಕುಟುಂಬದ ಮುಸಲ್ಮಾನ ತರುಣನೊಬ್ಬ, ಪೊಲೀಸ್ ಇಲಾಖೆಯಲ್ಲಿ ಕೆಡೆಟ್ ಆಗಿದ್ದವನು, ಗಾಯಾಳುಗಳಿಗೆ ನೆರವಾಗಲೆಂದು ಓಡಿಹೋಗಿ ಸತ್ತ. ಸುಳಿವು ಸಿಗುವ ಮೊದಲು ಅವನನ್ನೇ ಶಂಕಿಸಿದರು. ೨೦೦೨ರಲ್ಲಿ ಇಲಾಖೆ ವೀರನೆಂದು ಗೌರವಿಸಿ ಬೀಳ್ಕೊಟ್ಟಿತು. ಆದರೆ ಅವನ ಹೆಸರು ಪೊಲೀಸರ ಸಾಲಿನಲ್ಲಿಲ್ಲ, ಬೇರೆಲ್ಲೋ ಇದೆ. ಅವನ ತಾಯಿಯ ದೂರು ಇಂಥ ಗಣಕದಿಂದ ಬಗೆಹರಿಯುವುದಲ್ಲ.

ಸ್ಮಾರಕ ಪ್ರಾಂಗಣವನ್ನು ೨೦೧೧ರ ಸೆಪ್ಟೆಂಬರ್ ೧೧ರಂದು ಬಂಧುಗಳಿಗೂ ಮರುದಿನ ಜನತೆಗೂ ತೆರೆದರು. ಸುತ್ತ ಕ್ರೇನುಗಳು ತಿರುಗುತ್ತಿರುವಂತೆಯೇ, ಮುಂಚಿತವಾಗಿ ಚೀಟಿ ಪಡೆದು, ಬೇಲಿಗಳ ನಡುವೆ ಸಾಲುಗಟ್ಟಿ ಒಳಹೋಗಬೇಕಾಗಿತ್ತು. ೨೦೧೪ರ ಮೇಯಲ್ಲಷ್ಟೇ ಬೇಲಿ ಸರಿದುದು. ೨೦೦೮ರ ನವೆಂಬರ್ ೨೬ರ ದಾಳಿಯಾದ ಕೆಲವೇ ದಿನಗಳಲ್ಲಿ ಗುಂಡಿನ ತೂತುಗಳನ್ನು ಹಾಗೆಯೇ ಉಳಿಸಿಕೊಂಡು ಚಹ ಹಂಚತೊಡಗಿದ ಕೊಲಾಬಾದ ಲಿಯೋಪೋಲ್ಡ್ ಉಪಾಹಾರಗೃಹವನ್ನು ನೋಡಿದವರಿಗೆ ಇದು ತೀರ ನಿಧಾನವೆನಿಸೀತು. ಮುಂಬಯಿ ಮರುದಿನವೇ ಲೋಕಲ್ ಗಾಡಿ ಹತ್ತಿತೆಂದು ಹೊಗಳುವವರು, ಹತ್ತದೆ ಅದಕ್ಕೆ ಗತಿಯಿತ್ತೇ ಎಂದು ಕೇಳುವುದಿಲ್ಲ. ದುಃಖಿಸಲು ಹನ್ನೆರಡು ವರ್ಷ ಜಗಳಾಡುವ ಸೌಕರ್ಯವೂ ಸಿರಿವಂತ ಊರಿನ ಸೌಕರ್ಯವೇ.

೨೦೧೪ರ ಮೇಯಲ್ಲಿಯೇ ನೆಲದಡಿಯ ವಸ್ತುಸಂಗ್ರಹಾಲಯ ಉದ್ಘಾಟನೆಯಾಯಿತು, ಅದೇ ನವೆಂಬರಿನಲ್ಲಿ ಗೋಪುರ ತೆರೆಯಿತು. ಸಂಗ್ರಹಾಲಯದ ಪ್ರವೇಶಕ್ಕೆ ಆಗ ೨೪ ಡಾಲರ್ ಇತ್ತು. ಒಳಗೊಂದು ನೆನಪಿನ ಕಾಣಿಕೆಗಳ ಅಂಗಡಿ. ಮಸಣದಲ್ಲಿ ಮಳಿಗೆಯೇ ಎಂದು ಬಂಧುಗಳು ಕ್ರುದ್ಧರಾದರು. ಅವರಿಗೆ ಇನ್ನೂ ನೋವು ತಂದುದು ಬೇರೊಂದು. ಗುರುತು ಹತ್ತದ ದೇಹಾವಶೇಷಗಳನ್ನು ಸಂಗ್ರಹಾಲಯದ ಒಂದು ಗೋಡೆಯ ಹಿಂದೆ, ನಗರದ ವೈದ್ಯಾಧಿಕಾರಿಗಳ ವಶದಲ್ಲಿ ಇರಿಸುವುದೆಂದು ತೀರ್ಮಾನವಾಗಿತ್ತು. ಮೇ ೧೦ರ ಬೆಳಗ್ಗೆ ಮೆರವಣಿಗೆಯಲ್ಲಿ ಅವನ್ನು ತಂದಾಗ ಕೆಲವು ತಾಯ್ತಂದೆಯರು ಬಾಯಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಕೆಲವರು, ಅವರು ಮಡಿದಲ್ಲಿಯೇ ಇರಲೆಂದು ಒಪ್ಪಿದರು. ಮಡಿದವರಲ್ಲಿ ಸುಮಾರು ಸಾವಿರದ ನೂರು ಮಂದಿಯ ಗುರುತು ಇಂದಿಗೂ ಹತ್ತಿಲ್ಲ. ಹೊಸ ವಿಧಾನಗಳಿಂದ ಆಗಾಗ ಒಬ್ಬಿಬ್ಬರ ಹೆಸರು ಹೊರಬೀಳುತ್ತಲೇ ಇದೆ.

ಆ ಧೂಳನ್ನು ಉಸಿರಾಡಿ, ತಿಂಗಳುಗಟ್ಟಲೆ ಅವಶೇಷ ತೆಗೆದು, ವರ್ಷಗಳ ಮೇಲೆ ರೋಗದಿಂದ ಸತ್ತವರ ಮಾತು ಇನ್ನೊಂದು. ೨೦೨೩ರ ಸೆಪ್ಟೆಂಬರಿನಲ್ಲಿ ಅಗ್ನಿಶಾಮಕ ದಳದಲ್ಲಿಯೇ ಅಂಥವರ ಸಂಖ್ಯೆ ಆ ಒಂದು ದಿನ ಮಡಿದ ೩೪೩ನ್ನು ಮುಟ್ಟಿತು. ಕಂಚಿನ ಕಟ್ಟೆಯ ಮೇಲೆ ಇವರ ಹೆಸರುಗಳಿಲ್ಲ. ಇವರಿಗಾಗಿ ೨೦೧೯ರ ಮೇಯಲ್ಲಿ ಓಕ್ ಮರಗಳ ನಡುವೆ ಒಂದು ಹಾದಿ ಬಿಡಿಸಿ, ಇಕ್ಕೆಲದಲ್ಲಿ ಆರು ದೊಡ್ಡ ಬಂಡೆಗಳನ್ನು ನೆಲದಿಂದ ಓರೆಯಾಗಿ ಎದ್ದಂತೆ ನಿಲ್ಲಿಸಿದ್ದಾರೆ. ಬಂಡೆಗಳ ಬಿರುಕುಗಳಲ್ಲಿ ಹಳೆಯ ಗೋಪುರಗಳ ಉಕ್ಕನ್ನು ತುಂಬಿದ್ದಾರೆ. ಅವುಗಳ ಮೇಲೆ ಹೆಸರೊಂದೂ ಇಲ್ಲ.